ಯಾರ ದಾರಿಯಲ್ಲಿ ನಡೆದೆವು

ವಿಜಯಪುರದ ಕಡೆಯವರಿಗೆ ನಡಿಗೆ ಎಂದರೆ ಮೊದಲು ಕಣ್ಣ ಮುಂದೆ ಬರುವವರು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಬಿಳಿ ಧೋತರ, ಜೇಬಿಲ್ಲದ ಬಿಳಿ ಅಂಗಿ, ಅವಸರವಿಲ್ಲದ ಹೆಜ್ಜೆ. ಹುಟ್ಟಿದ್ದು ತಿಕೋಟಾ ಭಾಗದ ಬಿಜ್ಜರಗಿಯಲ್ಲಿ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ವಿನಯದಿಂದಲೇ ಬೇಡವೆಂದರು. 2023ರ ಜನವರಿ 2ರಂದು ದೇಹ ಬಿಟ್ಟರು. ತಮ್ಮ ಹೆಸರಲ್ಲಿ ಸ್ಮಾರಕ ಕಟ್ಟಬೇಡಿ ಎಂದು ಎಷ್ಟೋ ಮೊದಲೇ ಬರೆದಿಟ್ಟಿದ್ದರು. ಒಂದೊಂದು ಊರಿಗೆ ಹೋಗಿ ತಿಂಗಳುಗಟ್ಟಲೆ ಪ್ರವಚನ ಹೇಳುವುದು ಅವರ ರೂಢಿ. ಆ ದಿನಗಳಲ್ಲಿ ಅವರ ಜೊತೆ ನಾಲ್ಕು ಹೆಜ್ಜೆ ಹಾಕಿದೆವು ಎಂದು ಇವತ್ತಿಗೂ ನೆನೆಯುವ ರೈತರು, ಮಾಸ್ತರರು ನಮ್ಮ ಜಿಲ್ಲೆಯ ಊರೂರಿನಲ್ಲಿದ್ದಾರೆ. ಏನು ಮಾತಾಡಿದಿರಿ ಎಂದು ಕೇಳಿದರೆ ಬಹಳ ಜನಕ್ಕೆ ನೆನಪಿರುವುದಿಲ್ಲ. ಬೆಳೆ ಹೇಗಿದೆ ಎಂದು ಕೇಳಿದರು ಅನ್ನುತ್ತಾರೆ.

ಅವರಿಂದ ನಾನು ಕಲಿತೆ ಅಂದುಕೊಂಡದ್ದು ಒಂದು, ಕಲಿಯಬೇಕಾಗಿದ್ದದ್ದು ಇನ್ನೊಂದು. ಆ ವ್ಯತ್ಯಾಸ ತಿಳಿಯುವ ಹೊತ್ತಿಗೆ ಒಬ್ಬ ಹುಡುಗನ ಬಹು ಮುಖ್ಯವಾದ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದುಹೋಗಿದ್ದವು.

ನಾನು ನಗರದಲ್ಲಿ ಪದವಿ ತರಗತಿಗಳಿಗೆ ಇತಿಹಾಸ ಪಾಠ ಮಾಡುವವನು. ವಿಜಯಪುರ ಈಗ ಸ್ಪರ್ಧಾತ್ಮಕ ಪರೀಕ್ಷೆಗಳ ಊರು. ಇಂಡಿ, ಸಿಂದಗಿ, ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ಹುಡುಗರು ಬಂದು ರೂಮು ಹಿಡಿದು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಓದುತ್ತಾರೆ. ಮನೆಯಿಂದ ಬಸ್ಸಿನಲ್ಲಿ ರೊಟ್ಟಿ ಗಂಟು, ಶೇಂಗಾ ಚಟ್ನಿ ಬರುತ್ತದೆ. ಅದರ ಜೊತೆಗೆ ಮನೆಯವರ ನಿರೀಕ್ಷೆಯೂ ಬರುತ್ತದೆ. ಕಾಲೇಜು ಬಿಟ್ಟ ಮೇಲೂ ಇವರಲ್ಲಿ ಕೆಲವರು ನನ್ನ ಹತ್ತಿರ ಬರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಮೇಜಿನ ಆಚೆ ನಿಂತವರು ಬಾಯಿ ಬಿಡುವುದಿಲ್ಲ. ‘ಹೌದ್ರಿ ಸರ್’, ‘ಆಯ್ತ್ರಿ ಸರ್’ ಇಷ್ಟೇ. ಬಯಲಿಗೆ ಕರೆದುಕೊಂಡು ಹೋದರೆ ಮಾತು ಬಂದೀತು ಎಂದು ನನಗೆ ಗಟ್ಟಿಯಾಗಿ ಅನಿಸಿತು.

ಈ ನಂಬಿಕೆಗೆ ಒಂದು ಓದಿನ ಬೆಂಬಲವೂ ಸಿಕ್ಕಿತು. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮರಿಲಿ ಒಪೆಜೊ, ಡ್ಯಾನಿಯಲ್ ಶ್ವಾರ್ಟ್ಜ್ ಎಂಬ ಸಂಶೋಧಕರು, ಕುಳಿತವರಿಗಿಂತ ನಡೆಯುವವರಿಗೆ ಹೊಸ ವಿಚಾರಗಳು ಸರಾಸರಿ 60 ಪ್ರತಿಶತ ಹೆಚ್ಚು ಹೊಳೆಯುತ್ತವೆ ಎಂದು ತೋರಿಸಿದ್ದರು. ಅದೇ ಅಧ್ಯಯನದಲ್ಲಿ, ಬರಿ ಗೋಡೆಗೆ ಮುಖ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಆ ಲಾಭ ಸಿಕ್ಕಿತ್ತು. ಅಂದರೆ ನಡಿಗೆ ತಲೆಯನ್ನು ಸಡಿಲ ಮಾಡುತ್ತದೆ, ಅಷ್ಟೇ. ಗುರುವಿನ ಮುಂದೆ ಬಿಗಿದ ನಾಲಿಗೆಯನ್ನೂ ಸಡಿಲ ಮಾಡುತ್ತದೆ ಎಂದು ಅವರು ಎಲ್ಲಿಯೂ ಹೇಳಿರಲಿಲ್ಲ. ಅದನ್ನು ಸೇರಿಸಿಕೊಂಡವನು ನಾನು.

ದಾರಿಯನ್ನೂ ನಾನೇ ಆರಿಸಿದೆ. ನಗರದ ದಕ್ಷಿಣಕ್ಕಿರುವ ಬೇಗಂ ತಲಾಬ್. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಕೆರೆ. ಇಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಹರಿಯುತ್ತಿತ್ತು, ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳು ಅದರ ಒತ್ತಡವನ್ನು ಹಿಡಿತದಲ್ಲಿಡುತ್ತಿದ್ದವು. ಇತಿಹಾಸ ಪಾಠ ಮಾಡುವವನಿಗೆ ಇಂಥ ಜಾಗ ಸಿಕ್ಕರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಏರಿಯ ಮೇಲೆ ಕಾಲಿಟ್ಟ ಕೂಡಲೇ ನನ್ನ ಮಾತು ಶುರು. ಕೊಳವೆ, ಗಂಜ್, ತೊರವಿಯ ಸುರಂಗ ಬಾವಡಿ. ಅಲ್ಲಿಂದ ಪ್ರಶ್ನೆಪತ್ರಿಕೆ, ಅಲ್ಲಿಂದ ಸಮಯ ಪಾಲನೆ.

ಹೀಗೆ ಬರುತ್ತಿದ್ದವರಲ್ಲಿ ಒಬ್ಬ ತಿಕೋಟಾ ಕಡೆಯ ಹುಡುಗ. ಹೆಸರು ಇಲ್ಲಿ ಬೇಡ. ಮನೆಯಲ್ಲಿ ದ್ರಾಕ್ಷಿ ತೋಟ, ತಂದೆ ತಾಯಿ, ಮದುವೆಯಾಗಬೇಕಾದ ಅಕ್ಕ. ಚುರುಕಾದ ಹುಡುಗ, ಒಮ್ಮೆ ಓದಿದ್ದನ್ನು ಮರೆಯುತ್ತಿರಲಿಲ್ಲ. ಇವನು ಕೆಎಎಸ್ ಪಾಸಾಗುವವನು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವನು ನನ್ನ ಜೊತೆ ನಡೆಯುತ್ತಿರಲಿಲ್ಲ, ಅರ್ಧ ಹೆಜ್ಜೆ ಹಿಂದೆ ನಡೆಯುತ್ತಿದ್ದ. ನಮ್ಮ ಕಡೆ ಮಾಸ್ತರರ ಹೆಗಲಿಗೆ ಹೆಗಲು ಕೊಟ್ಟು ಯಾರೂ ನಡೆಯುವುದಿಲ್ಲ. ನಾನು ನಿಧಾನ ಮಾಡಿದರೆ ಅವನೂ ನಿಧಾನ ಮಾಡುತ್ತಿದ್ದ. ಆ ಅರ್ಧ ಹೆಜ್ಜೆ ಹಾಗೇ ಉಳಿಯುತ್ತಿತ್ತು. ಅವನು ಮಾತಾಡಬೇಕೆಂದರೆ ನನ್ನ ಬೆನ್ನಿಗೆ ಹೇಳಬೇಕು. ಇದು ಆಗ ನನ್ನ ಗಮನಕ್ಕೇ ಬರಲಿಲ್ಲ.

ನವೆಂಬರ್‌ನ ಒಂದು ಬೆಳಿಗ್ಗೆ ಮೋಡ ಕವಿದಿತ್ತು. ಹುಡುಗ ಜೇಬಿನಿಂದ ಫೋನು ತೆಗೆದು ನೋಡುತ್ತಾನೆ, ಒಳಗಿಡುತ್ತಾನೆ, ಮತ್ತೆ ತೆಗೆಯುತ್ತಾನೆ. ನಡುನಡುವೆ ಪಡುವಣಕ್ಕೆ ಮುಖ ಎತ್ತಿ ನೋಡುತ್ತಾನೆ. ನಾನು ಸಂವಿಧಾನ ತಿದ್ದುಪಡಿಯ ಬಗ್ಗೆ ಹೇಳುತ್ತಿದ್ದೆ. ಸಿಟ್ಟು ಬಂತು. “ಫೋನ್ ಒಳಗಿಡಪಾ ತಮ್ಮಾ, ಒಂದ್ ತಾಸಿನ ಮಟ್ಟಿಗಾದ್ರೂ” ಅಂದೆ. “ಹೂನ್ರಿ ಸರ್” ಎಂದು ಒಳಗಿಟ್ಟ. ಮತ್ತೆ ತೆಗೆಯಲಿಲ್ಲ.

ಅದಾದ ಮೇಲೆ ಒಂದೆರಡು ಸಲ ಬಂದ, ಆಮೇಲೆ ಬರುವುದು ಬಿಟ್ಟ. ಫೋನು ಹಚ್ಚಿದರೆ ಎತ್ತಲಿಲ್ಲ. ಪೂರ್ವಭಾವಿ ಪರೀಕ್ಷೆಗೆ ಕೂತಿಲ್ಲ ಎಂದು ಅವನ ರೂಮಿನವರಿಂದ ತಿಳಿಯಿತು. ಶಿಸ್ತಿಲ್ಲದ ಹುಡುಗ, ಅವಕಾಶ ಕೈಯಾರೆ ಕಳೆದುಕೊಂಡ ಎಂದು ನಾನು ನಾಲ್ಕು ಜನರ ಮುಂದೆ ಅಂದೆ. ಆ ಮಾತು ಅವನ ಕಿವಿಗೂ ಬಿತ್ತು. ಇಡೀ ಪ್ರಸಂಗದಲ್ಲಿ ನನ್ನನ್ನು ಈಗಲೂ ಹೆಚ್ಚು ಸುಡುವುದು ಇದೇ.

ಮರು ವರ್ಷ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಚಾಟ್ನಿಯ ಹೊತ್ತಿನಲ್ಲಿ, ಬೇರೆ ಕೆಲಸಕ್ಕೆಂದು ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೋದಾಗ ಅವನ ತಂದೆ ಬಸ್ ನಿಲ್ದಾಣದ ಹತ್ತಿರ ಸಿಕ್ಕರು. ನನ್ನನ್ನು ಗುರುತು ಹಿಡಿದು, “ಬರ್ರಿ ಸರ, ಮನಿಗಿ ಬಂದು ಚಾ ಕುಡದು ಹೋಗ್ರಿ” ಎಂದು ಬಿಡದೆ ಕರೆದುಕೊಂಡು ಹೋದರು. ಹುಡುಗ ತೋಟದಲ್ಲಿದ್ದ.

ದ್ರಾಕ್ಷಿ ತೋಟದ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಮೊದಲನೆಯದು, ಅದು ಕಡ್ಡಿ ಬೆಳೆಸಲಿಕ್ಕೆ. ಆ ಬಿಸಿಲಿನಲ್ಲೇ ಕಡ್ಡಿಯ ಕಣ್ಣುಗಳೊಳಗೆ ಮುಂದಿನ ಗೊನೆ ತಯಾರಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಎಷ್ಟನೇ ಕಣ್ಣಿನ ಮೇಲೆ ಕತ್ತರಿ ಇಡಬೇಕು ಎನ್ನುವುದರ ಮೇಲೆ ವರ್ಷದ ಬೆಳೆ ನಿಂತಿರುತ್ತದೆ. ಹೂವಿನ ಹಂತ ಬರುವುದು ನವೆಂಬರ್‌ನಲ್ಲಿ. ಆಗ ಮೋಡ ಕಟ್ಟಿ ಮಳೆ ಹನಿದರೆ ಹೂ ಉದುರುತ್ತದೆ, ದಾವಣಿ ರೋಗ ಬರುತ್ತದೆ, ಹಗಲು ರಾತ್ರಿ ಎನ್ನದೆ ಔಷಧ ಹೊಡೆಯಬೇಕು. ಔಷಧಿ ಅಂಗಡಿಯ ಉದ್ರಿ ಏರುತ್ತದೆ. ಬೆಳೆ ಬಂದರೆ ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡಿ ತಾಸಗಾಂವಿಗೋ ಸಾಂಗ್ಲಿಗೋ ಕಳಿಸಿದ ಮೇಲೆ ಆ ಉದ್ರಿ ತೀರಬೇಕು.

ಬೇಗಂ ತಲಾಬಿನ ಏರಿಯ ಮೇಲೆ ಹುಡುಗ ಫೋನಿನಲ್ಲಿ ನೋಡುತ್ತಿದ್ದದ್ದು ತಿಕೋಟಾದ ಮಳೆಯನ್ನು. ಪಡುವಣಕ್ಕೆ ಕಣ್ಣು ಹಾಯಿಸಿದ್ದೂ ಅದಕ್ಕೇ. ಆ ವಾರ ಅವನ ತೋಟ ಹೂವಿನಲ್ಲಿತ್ತು.

ತೋಟದ ಸಾಲುಗಳ ನಡುವೆ ಇಬ್ಬರು ಸೇರಿ ನಡೆಯಲು ಜಾಗವಿಲ್ಲ. ಅವನು ಮುಂದೆ, ನಾನು ಹಿಂದೆ. ಚಪ್ಪರದ ತಂತಿ ತಲೆಗೆ ತಾಗದಂತೆ ಬಗ್ಗಿ ನಡೆಯಬೇಕು. ಎಲ್ಲಿ ಬಗ್ಗಬೇಕೆಂದು ಅವನೇ ಹೇಳುತ್ತಿದ್ದ. ಹಿಂದಿನ ದಿನ ಕತ್ತರಿಸಿದ ಕಡ್ಡಿಗಳ ಕಣ್ಣಿಗೆ ಹೆಣ್ಣಾಳುಗಳು ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಕಣ್ಣು ಬೇಗ ಒಡೆಯುವ ಔಷಧವನ್ನು ಒಂದೊಂದಾಗಿ ಹಚ್ಚುತ್ತಿದ್ದರು. ಹುಡುಗ ಒಂದು ಕಡ್ಡಿಯನ್ನು ಹಿಡಿದು, ಬೆರಳಿನಿಂದ ಕಣ್ಣು ಎಣಿಸಿ, ಯಾಕೆ ಅಲ್ಲಿಗೇ ಕತ್ತರಿ ಇಟ್ಟೆವು ಎಂದು ವಿವರಿಸಿದ. ಬೇರು ಯಾಕೆ ಡಾಗ್‌ರಿಜ್ ತಳಿಯದು, ಉಪ್ಪು ನೀರನ್ನು ಅದು ಹೇಗೆ ತಡೆದುಕೊಳ್ಳುತ್ತದೆ ಎಂದು ಹೇಳಿದ. ನನ್ನೆದುರು ಅವನು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಮಾತಾಡುತ್ತಲೇ, ಮುಖ ತಿರುಗಿಸದೆ, ಹಿಂದಿನ ವರ್ಷದ ಲೆಕ್ಕಕ್ಕೆ ಬಂದ. ಹೂ ಉದುರಿದ್ದು. ಅಕ್ಕನ ಮದುವೆ ಮುಂದೆ ಹಾಕಿದ್ದು. ಓದು ಬಿಡಲೋ, ಒಂದು ವರ್ಷ ನಿಲ್ಲಿಸಿ ಮತ್ತೆ ಹಿಡಿಯಲೋ ತಿಳಿಯದೆ ರೂಮಿನಲ್ಲಿ ನಿದ್ದೆಗೆಟ್ಟಿದ್ದು.

“ಇದನ್ನ ನನಗ ಆಗಽ ಹೇಳಬೇಕಿಲ್ಲೇನಪಾ?” ಅಂದೆ.

“ಹೇಳಬೇಕಂತಽ ಬರ್ತಿದ್ನಿರಿ ಸರ್. ಅಲ್ಲಿ ಹೆಂಗ ಹೇಳ್ಲಿರಿ?”

ಅವನು ಬರುತ್ತಿದ್ದದ್ದೇ ಇದನ್ನು ಹೇಳಲಿಕ್ಕೆ. ನಾನು ಪ್ರತಿ ಸಲವೂ ಅವನಿಗಿಂತ ಮೊದಲು ಬಾಯಿ ತೆರೆದೆ, ಅವನು ಫೋನು ನೋಡಿದಾಗ ಬೈದೆ, ಬಿಟ್ಟು ಹೋದಾಗ ಹೆಸರಿಟ್ಟೆ. ತೋಟದ ಸಾಲಿನಲ್ಲೇ ಅವನ ಕ್ಷಮೆ ಕೇಳಿದೆ. “ಅಯ್ಯ, ಬಿಡ್ರಿ ಸರ್” ಎಂದು ಅವನು ಮುಜುಗರಪಟ್ಟು ಮುಂದಿನ ಸಾಲಿಗೆ ಹೋದ. ಆ ವರ್ಷವೂ ಅವನು ಪರೀಕ್ಷೆ ಬರೆಯಲಿಲ್ಲ. ತೋಟ ಹಿಡಿದಿದ್ದಾನೆ. ಅದು ಅವನ ಆಯ್ಕೆಯೋ, ಆಯ್ಕೆ ಮಾಡುವ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ಹಾಗಾಯಿತೋ, ನಾನು ಹೇಳಲಾರೆ.

ಆಮೇಲೆ ಬಹಳ ಯೋಚಿಸಿದೆ. ‘ಕಡಿಮೆ ಮಾತಾಡು, ಹೆಚ್ಚು ಕೇಳು’ ಎಂಬುದು ಎಲ್ಲರೂ ಹೇಳುವ ಬುದ್ಧಿ. ಅದಷ್ಟೇ ಸಾಲದು ಎಂದು ನನ್ನ ಅಭಿಪ್ರಾಯ. ಬೇಗಂ ತಲಾಬಿನ ಮೇಲೆ ನಾನು ತುಟಿ ಹೊಲಿದುಕೊಂಡು ನಡೆದಿದ್ದರೂ ಅವನು ಬಾಯಿ ಬಿಡುತ್ತಿದ್ದನೆಂಬ ನಂಬಿಕೆ ನನಗಿಲ್ಲ. ಆ ದಾರಿ ನನ್ನದು. ಅದರ ಕಲ್ಲು ಕಲ್ಲಿನ ಕಥೆ ನನಗೆ ಗೊತ್ತು, ಹೊತ್ತು ನಾನು ಗೊತ್ತು ಮಾಡಿದ್ದು, ಎಲ್ಲಿ ತಿರುಗಬೇಕೆಂದು ನಿರ್ಧರಿಸುವವನೂ ನಾನೇ. ಅಂಥ ಕಡೆ ಎಳೆಯರು ಎಷ್ಟು ದೂರ ನಡೆದರೂ ತರಗತಿಯೊಳಗೇ ಇರುತ್ತಾರೆ. ಮರ, ನೀರು, ಗಾಳಿ ಇದ್ದರೆ ಸಾಕು ಎಂಬ ಹಂಬಲದಲ್ಲಿ ಇದನ್ನು ಮರೆತೆ. ಸಿದ್ಧೇಶ್ವರ ಸ್ವಾಮೀಜಿಯವರ ನಡಿಗೆಯನ್ನು ನೆನೆದವನು ಅವರು ನಡೆದದ್ದು ಎಲ್ಲಿ ಎಂಬುದನ್ನು ನೆನೆಯಬೇಕಿತ್ತು. ಕೇಳುವವರ ಊರಿಗೆ ಅವರು ಹೋಗುತ್ತಿದ್ದರು. ಬೆಳೆ ಹೇಗಿದೆ ಎಂದು ಕೇಳಿದಾಗ, ಉತ್ತರ ಗೊತ್ತಿದ್ದದ್ದು ರೈತನಿಗೆ.

ಈಗ ದಾರಿಯನ್ನು ನಾನು ಆರಿಸುವುದಿಲ್ಲ. ಎಲ್ಲಿ ನಡೆಯೋಣ ಎಂದು ಬಂದವರನ್ನೇ ಕೇಳುತ್ತೇನೆ. ಕೆಲವರು ಬಸ್ ನಿಲ್ದಾಣದಿಂದ ರೂಮಿನ ತನಕ ಎನ್ನುತ್ತಾರೆ, ಅದೂ ಆಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮ ಕಡೆ ಹುಡುಗಿ ಮಾಸ್ತರರ ಜೊತೆ ಒಬ್ಬಳೇ ಕೆರೆ ದಂಡೆಯಲ್ಲಿ ನಡೆದರೆ ಸಂಜೆಯೊಳಗೆ ಊರಿಗೆ ಸುದ್ದಿ ಮುಟ್ಟುತ್ತದೆ, ಅದರ ಬೆಲೆ ಕಟ್ಟುವವಳು ಅವಳು. ಅದಕ್ಕಾಗಿ ಅವರನ್ನು ನಾನು ಕರೆಯುತ್ತಲೇ ಇರಲಿಲ್ಲ; ಅದೂ ಅನ್ಯಾಯವೇ ಆಗಿತ್ತು.

ಬಬಲೇಶ್ವರ ಕಡೆಯ ಒಬ್ಬ ವಿದ್ಯಾರ್ಥಿನಿ ಇದಕ್ಕೆ ತಾನೇ ದಾರಿ ಕಂಡುಕೊಂಡಳು. “ಮಮದಾಪುರ ಕೆರಿಗೆ ಬರ್ರಿ ಸರ್, ನಮ್ಮ ಅಮ್ಮನ್ನೂ ಕರ್ಕೊಂಡ ಬರ್ತೀನಿ” ಅಂದಳು. ಅಮ್ಮ ಎಂದರೆ ಅವರ ಮನೆಯಲ್ಲಿ ಅಜ್ಜಿ. ಇದೂ ಮುಹಮ್ಮದ್ ಆದಿಲ್‌ಶಾಹನ ಕಾಲದ್ದೇ ಕೆರೆ, ಕೃಷ್ಣೆಯ ನೀರನ್ನು ಎತ್ತಿ ತುಂಬಿಸಿದ ಮೇಲೆ ಮತ್ತೆ ಕೆರೆಯಂತೆ ಕಾಣುತ್ತಿದೆ. ಇತಿಹಾಸ ಹೇಳಲು ಬಾಯಿಗೆ ಬಂತು, ನುಂಗಿಕೊಂಡೆ. ಹುಡುಗಿ ನಡುವೆ, ಅಜ್ಜಿ ಒಂದು ಕಡೆ, ನಾನೊಂದು ಕಡೆ. ಎಷ್ಟೋ ಹೊತ್ತು ಜೋಳ, ಕಡಲೆ, ಎಮ್ಮೆಯ ಸುದ್ದಿ. ಆಮೇಲೆ ಹುಡುಗಿ ನನ್ನ ಕಡೆ ಮುಖ ಮಾಡಿ, ಸೋದರಮಾವನ ಜೊತೆ ಮದುವೆ ಗೊತ್ತು ಮಾಡುತ್ತಿದ್ದಾರೆ, ನನಗೆ ಈಗಲೇ ಬೇಡ, ಬಿ.ಇಡಿ ಮಾಡಬೇಕು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಮದುವೆಗೆ ಗಂಟು ಬಿದ್ದಿದ್ದವಳು ಈ ಅಜ್ಜಿಯೇ. ಮಾತು ನನಗೆ ಹೇಳಿದ್ದಾಗಿತ್ತು, ಮುಟ್ಟಬೇಕಾದದ್ದು ಆಚೆ ಬದಿಗೆ. ನಾನು ಸುಮ್ಮನೆ ನಡೆದೆ.

ಅಜ್ಜಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಮೊಮ್ಮಗಳನ್ನು ನೋಡದೆ ನನ್ನನ್ನೇ ಕೇಳಿದಳು: “ಅಲ್ರಿ ಸರ, ಅದು ಎಷ್ಟ ವರ್ಷದ್ದರಿ?”

“ಎರಡು ವರ್ಷದ್ದುರಿ ಅಮ್ಮಾ.”

“ಹುಡುಗ್ಯಾರಿಗೆ ಇರಾಕ ಹಾಸ್ಟೆಲ್ ಐತೇನ್ರಿ?”

ನನಗೆ ಗೊತ್ತಿದ್ದಷ್ಟು ಹೇಳಿದೆ. ಫೀಸಿನ ವಿಷಯ ಮೊಮ್ಮಗಳು ತಾನೇ ಹೇಳತೊಡಗಿದಳು. ಅಜ್ಜಿ ಒಂದೊಂದೇ ಖರ್ಚು ಕೇಳುತ್ತ, ಬೆರಳು ಮಡಿಚಿ ಲೆಕ್ಕ ಹಾಕುತ್ತ ಮುಂದೆ ನಡೆದಳು.