ಹನುಮಪ್ಪನ ಎರಡನೆಯ ಭಾಗ

2024ರ ದೀಪಾವಳಿಯ ಹೊತ್ತಿಗೆ ಒಂದು ಪೋಸ್ಟರ್ ಬಂತು. ‘ಜೈ ಹನುಮಾನ್’ ಚಿತ್ರಕ್ಕೆ ರಿಷಬ್ ಶೆಟ್ಟಿ ಹನುಮಂತ; ರಾಮನ ವಿಗ್ರಹವನ್ನು ಎದೆಗೊತ್ತಿ ಹಿಡಿದಿದ್ದಾರೆ. ಭತ್ತ ಕಟಾವಿಗೆ ಬರುವ ಕಾಲ ಅದು. ಸಿಂಧನೂರಿನ ಚಹಾದಂಗಡಿಗಳಲ್ಲಿ ಆ ದಿನಗಳಲ್ಲಿ ಇರುವುದು ಎರಡೇ ಮಾತು: ಕೊಯ್ಯುವ ಮಷೀನು ಯಾವಾಗ ಸಿಗುತ್ತದೆ, ರೇಟು ಎಷ್ಟಕ್ಕೆ ನಿಂತಿದೆ. ಅವತ್ತು ಮೂರನೆಯದೊಂದು ಸೇರಿಕೊಂಡಿತು.

“ನಮ್ಮ ಶೆಟ್ರು ಹನುಮಪ್ಪ ಆಗ್ಯಾರ, ಇನ್ನೇನ್ ಬೇಕು ಬಿಡು.”

“ಅಲ್ಲಣ್ಣ, ಹಂಗಾರ ಮೊದಲಿನ ಹುಡುಗ ಏನಾದ?” ಇದು ಕ್ಯಾಂಪಿನ ಹುಡುಗನೊಬ್ಬನ ತಕರಾರು.

ಮೊದಲಿನ ಹುಡುಗ ಎಂದರೆ ತೇಜ ಸಜ್ಜಾ. 2024ರ ಜನವರಿ 12ರಂದು ಬಿಡುಗಡೆಯಾದ ಮೊದಲ ಭಾಗ ‘ಹನುಮಾನ್’ ಚಿತ್ರದ ನಾಯಕ. ಅದೇ ದಿನ ಮಹೇಶ್ ಬಾಬು ಅವರ ‘ಗುಂಟೂರು ಕಾರಂ’ ಕೂಡ ಬಂದಿದ್ದರಿಂದ ಈ ಬಡಪಾಯಿ ಚಿತ್ರಕ್ಕೆ ಆಂಧ್ರ, ತೆಲಂಗಾಣದಲ್ಲೇ ಥಿಯೇಟರ್ ಸಿಗುವುದು ಕಷ್ಟವಾಗಿತ್ತು. ಕೊನೆಗೆ ಗೆದ್ದದ್ದು ಇದೇ. ನಾಯಕ ಹನುಮಂತು ಒಬ್ಬ ಚಿಲ್ಲರೆ ಕಳ್ಳ, ಊರಿಗೆ ಬೇಡವಾದವ. ಒಂದು ಮಣಿ ಕೈಗೆ ಸಿಕ್ಕು ಅವನಿಗೆ ಹನುಮಂತನ ಬಲ ಬರುತ್ತದೆ. ಆದರೆ ಬಿಸಿಲಿದ್ದಾಗ ಮಾತ್ರ; ಸೂರ್ಯ ಮುಳುಗಿದರೆ ಬಲವೂ ಮುಳುಗಿತು. ಈ ಷರತ್ತು ತೆರೆಯ ಮೇಲೆ ಬಯಲಾದ ಕೂಡಲೇ ನಮ್ಮ ಥಿಯೇಟರಿನ ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ತ್ರೀ ಫೇಸ್ ಹೋತಲೇ!” ಪಂಪ್‌ಸೆಟ್ಟಿನ ಕರೆಂಟಿಗೆ ಕಾದು ಕಾದು ಹಣ್ಣಾದ ಇಡೀ ಬಾಲ್ಕನಿ ನಕ್ಕಿತು. ಕತೆ ಬರೆದವರಿಗೆ ಈ ಅರ್ಥ ಹೊಳೆದಿರಲಿಕ್ಕಿಲ್ಲ.

ನಾನು ನೋಡಿದ್ದು ತೆಲುಗಿನಲ್ಲಿ. ಕನ್ನಡದ ಡಬ್ಬಿಂಗೂ ಇತ್ತು. ಆದರೆ ಸಿಂಧನೂರಿನಲ್ಲಿ ತೆಲುಗು ಸಿನಿಮಾ ಪರಭಾಷೆಯದು ಎಂದರೆ ಜನ ನಿಮ್ಮನ್ನೇ ಪರವೂರಿನವರು ಎಂದುಕೊಳ್ಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಕಾಲುವೆಯ ಜೊತೆ ಭತ್ತ ಬಂತು, ಭತ್ತದ ಜೊತೆ ಗದ್ದೆಯ ಕೆಲಸದ ತೆಲುಗು ಬಂತು, ಅದರ ಹಿಂದೆಯೇ ಎನ್‌ಟಿಆರ್, ಚಿರಂಜೀವಿ ಬಂದರು. ಮಸ್ಕಿಯ ಹುಡುಗರು ಇವತ್ತಿಗೂ ಹೊಸ ಸಿನಿಮಾಕ್ಕೆ ಬೈಕಿನಲ್ಲಿ ಮೂವರು ಕೂತು ಸಿಂಧನೂರಿಗೆ ಬರುತ್ತಾರೆ.

ಕೊನೆಯ ಹತ್ತಿಪ್ಪತ್ತು ನಿಮಿಷದಲ್ಲಿ ಮಾತ್ರ ಥಿಯೇಟರಿನ ಹವೆ ಬದಲಾಯಿತು. ಹಿಮದೊಳಗಿಂದ ಹನುಮಂತನೇ ಎದ್ದು ಬರುವಾಗ ಶಿಳ್ಳೆ ನಿಂತಿತು. ನನ್ನ ಮುಂದಿನ ಸೀಟಿನ ದೊಡ್ಡ ಮನುಷ್ಯರು ಸದ್ದಿಲ್ಲದೆ ಚಪ್ಪಲಿ ಕಳಚಿ, ಕಾಲು ಒಳಗೆಳೆದುಕೊಂಡು, ಕೈ ಮುಗಿದು ಕೂತರು. ದೀಪ ಹತ್ತಿದಾಗ ಎಡಗಾಲಿನ ಚಪ್ಪಲಿ ಕಾಣಲಿಲ್ಲ. “ಯಾವನಲೇ ಅವ” ಎಂದು ಬೈಯುತ್ತ ಬಗ್ಗಿ ಹುಡುಕಿದರು. ಭಕ್ತಿಗೂ ಬೈಗುಳಕ್ಕೂ ನಡುವೆ ಒಂದು ನಿಮಿಷವೂ ಆಗಿರಲಿಲ್ಲ. ನನಗೆ ಸಿನಿಮಾದಷ್ಟೇ ಇದೂ ಹಿಡಿಸಿತು.

ಯಾಕೆಂದರೆ ನಮ್ಮ ಕಡೆ ಹನುಮಪ್ಪನ ಜೊತೆ ಜನರ ಒಡನಾಟವೇ ಹಾಗೆ. ವ್ಯಾಸರಾಯರು 732 ಹನುಮಂತರನ್ನು ಪ್ರತಿಷ್ಠಾಪಿಸಿದರೆಂದು ಹಿರಿಯರು ಹೇಳುತ್ತಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ನಮ್ಮ ಮೂರು ತಾಲ್ಲೂಕುಗಳಲ್ಲಿ ಹನುಮಪ್ಪನ ಗುಡಿಯಿಲ್ಲದ ಊರು ಹುಡುಕಬೇಕು. ಮಳೆ ಬಾರದಿದ್ದರೆ ಅವನಿಗೇ ಬೈಗುಳ, ಮಗುವಿಗೆ ಜ್ವರ ಇಳಿದರೆ ಅವನಿಗೇ ಎಲೆಪೂಜೆ. ಲಿಂಗಸುಗೂರು ತಾಲ್ಲೂಕಿನ ನನ್ನ ಸೋದರಮಾವನ ಊರಿನಲ್ಲಿ ಬಯಲಾಟ ಆಡುತ್ತಿದ್ದರು. ಲಂಕಾದಹನದ ರಾತ್ರಿ ರಾವಣ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಸೆಟೆದು ನಿಂತಿದ್ದರೆ, ಹನುಮಪ್ಪ ಅಟ್ಟದಿಂದ ಹಾರಿ ಜನರ ನಡುವೆಯೇ ಇಳಿದುಬಿಡುತ್ತಿದ್ದ. ಹೆಂಗಸರ ಉಡಿಯಲ್ಲಿನ ಶೇಂಗಾ ಕಸಿದು ತಿನ್ನುವನು, ಗೌಡರ ರುಮಾಲು ಎತ್ತಿ ತನ್ನ ತಲೆಗೆ ಇಟ್ಟುಕೊಳ್ಳುವನು, ನಮ್ಮ ಕೈಯ ಮಿರ್ಚಿಗೂ ಬಾಯಿ ಹಾಕುವನು. ಹಳೆ ಸೀರೆ ಸುತ್ತಿದ ಬಾಲಕ್ಕೆ ಸೀಮೆಎಣ್ಣೆ ಹಾಕಿ ಬೆಂಕಿ ಹಚ್ಚಿದಾಗ ಹುಡುಗರೆಲ್ಲ ಹೋ ಎಂದು ಹಿಂದೆ ಓಡುತ್ತಿದ್ದೆವು. ಬೆಳಗಿನ ಜಾವ ಮಂಗಳಾರತಿಯಲ್ಲಿ ಅದೇ ಮನುಷ್ಯನ ಕಾಲಿಗೆ ಊರೆಲ್ಲ ಬೀಳುತ್ತಿತ್ತು, ರುಮಾಲು ಕಳಕೊಂಡ ಗೌಡರೂ ಸೇರಿ.

ಹೀಗಾಗಿ ನಗಿಸುವ ಸೂಪರ್‌ಹೀರೋ ಎಂಬ ವಸ್ತು ಹಾಲಿವುಡ್ಡಿನಿಂದ ಬರಬೇಕಾಗಿರಲಿಲ್ಲ. ಆದರೂ ಅವರ ಕತೆ ಕೇಳಿ, ಪಾಠವಿದೆ. ಅವರಲ್ಲೂ ಗುಡುಗಿನ ದೇವರೊಬ್ಬನಿದ್ದಾನೆ, ಥಾರ್. 2017ರ ‘ರಾಗ್ನರಾಕ್’ ಚಿತ್ರದಲ್ಲಿ ನಿರ್ದೇಶಕ ಟೈಕಾ ವೈಟಿಟಿ ಅವನನ್ನು ತಮಾಷೆಗೆ ಇಳಿಸಿದಾಗ ಅಭಿಮಾನಿಗಳು ತಲೆ ಮೇಲೆ ಹೊತ್ತರು. ಅದೇ ನಿರ್ದೇಶಕ 2022ರಲ್ಲಿ ‘ಲವ್ ಅಂಡ್ ಥಂಡರ್’ ಮಾಡಿದಾಗ ಅನೇಕರು ಇದೇನು ಬರೀ ಕುಚೋದ್ಯ ಎಂದು ಮುನಿಸಿಕೊಂಡರು.

ನಮ್ಮಲ್ಲಿ ಏಟು ಬಿದ್ದದ್ದು ‘ಆದಿಪುರುಷ್’ ಚಿತ್ರಕ್ಕೆ. 2023ರ ಜೂನ್‌ನಲ್ಲಿ ಪ್ರತಿ ಥಿಯೇಟರಿನಲ್ಲೂ ಒಂದು ಸೀಟು ಹನುಮಂತನಿಗೆ ಮೀಸಲು ಎಂದು ಸಾರಿದ ಚಿತ್ರತಂಡ, ತೆರೆಯ ಮೇಲಿನ ಹನುಮಂತನ ಬಾಯಲ್ಲಿ ಎದುರಿನವನ ಅಪ್ಪನನ್ನು ಎಳೆತರುವ ಬೀದಿಜಗಳದ ಮಾತು ಇಟ್ಟಿತ್ತು. ಜನ ಛೀಮಾರಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ಆ ಸಂಭಾಷಣೆ ತಿದ್ದಬೇಕಾಯಿತು. ಮೀಸಲು ಸೀಟಿನಲ್ಲಿ ಕೂತವನಿಗೆ ಹೇಗಾಗಿರಬೇಕು! ನಮ್ಮ ಬಯಲಾಟದ ಹನುಮಪ್ಪ ರುಮಾಲು ಎತ್ತಿದರೂ ಅಪ್ಪನನ್ನು ಎತ್ತಿ ಆಡುತ್ತಿರಲಿಲ್ಲ. ಹಳ್ಳಿಯ ನಟನಿಗೆ ಗೊತ್ತಿದ್ದ ಗೆರೆ ಮುಂಬೈಯವರಿಗೆ ತಿಳಿಯಲಿಲ್ಲ.

ಮಾತು ಎಲ್ಲಿಗೋ ಹೋಯಿತು, ಇನ್ನೂ ಸ್ವಲ್ಪ ಹೋಗಲಿ. ‘ಹನುಮಾನ್’ ಚಿತ್ರದ ಕಾಲ್ಪನಿಕ ಊರಿನ ಹೆಸರು ಅಂಜನಾದ್ರಿ. ನಿಜವಾದ ಅಂಜನಾದ್ರಿ ಆನೆಗೊಂದಿಯ ಬಳಿ, ಗಂಗಾವತಿ ದಾಟಿದರೆ ಸಿಕ್ಕಿತು. ಕೊಪ್ಪಳ ಬೇರೆ ಜಿಲ್ಲೆಯಾಗುವ ಮುನ್ನ ಅದೂ ನಮ್ಮ ರಾಯಚೂರಿನದೇ. 575 ಮೆಟ್ಟಿಲು ಹತ್ತಿ ಮೇಲೆ ಹೋದರೆ ಕೆಳಗೆ ಬಾಳೆತೋಟ, ಬಂಡೆ, ತುಂಗಭದ್ರೆ. 2021ರಲ್ಲಿ ತಿರುಪತಿಯವರು ಹನುಮಂತ ಹುಟ್ಟಿದ್ದು ತಮ್ಮ ತಿರುಮಲೆಯ ಅಂಜನಾದ್ರಿಯಲ್ಲಿ ಎಂದು ಘೋಷಿಸಿದಾಗ ಇಲ್ಲಿನವರು ಕೆರಳಿದರು. ಗೋಕರ್ಣದವರೂ ನಮ್ಮಲ್ಲಿ ಎಂದರು. ಹೀರೋ ದೊಡ್ಡವನಾದ ಮೇಲೆ ಹುಟ್ಟಿದ ಮನೆಗೆ ಹಕ್ಕುದಾರರು ಹೆಚ್ಚುವುದು ಸಹಜ.

ಹೀರೋನ ಗುರುತು ಪತ್ತೆಯಾಗುವ ವಿಷಯದಲ್ಲಿ ಮಸ್ಕಿಯವರಿಗೆ ಅನುಭವ ಜಾಸ್ತಿ. ಮುಖವಾಡದ ಹೀರೋ ಕೊನೆಗೆ ತಾನು ಯಾರೆಂದು ತೋರುವ ದೃಶ್ಯಕ್ಕೆ ಅಭಿಮಾನಿಗಳು ಹುಚ್ಚೆದ್ದು ಕುಣಿಯುತ್ತಾರಲ್ಲ, ಅದು ಮಸ್ಕಿಯಲ್ಲಿ 1915ರಲ್ಲೇ ಆಗಿಹೋಗಿದೆ. ಅಲ್ಲಿಯವರೆಗೆ ಸಿಕ್ಕ ಒಬ್ಬ ರಾಜನ ಬಂಡೆಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಇದ್ದವು. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡ ಶಾಸನ ಮಾತ್ರ ‘ಅಶೋಕ’ ಎಂಬ ಹೆಸರನ್ನು ಹೇಳಿಬಿಟ್ಟಿತು. ಚಿನ್ನ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಈಗಲೂ ಸಿಗುತ್ತದೆ. ಇಂಥ ಹೆಸರು ಮತ್ತೆ ಮತ್ತೆ ಸಿಗುವುದಿಲ್ಲ.

ಇನ್ನು ಎರಡನೆಯ ಭಾಗ. ಮೊದಲ ಚಿತ್ರದ ಕೊನೆಯಲ್ಲಿ 2025ಕ್ಕೆ ಬರುತ್ತೇವೆ ಎಂದಿದ್ದರು. 2025 ಬಂತು, ಹೋಯಿತು, ಚಿತ್ರ ಬರಲಿಲ್ಲ. ಆ ವರ್ಷ ಅಕ್ಟೋಬರಿನಲ್ಲಿ ರಿಷಬ್ ‘ಕಾಂತಾರ’ದ ಇನ್ನೊಂದು ಅಧ್ಯಾಯ ಕೊಟ್ಟರು. ನಮ್ಮ ಕಡೆಯ ಅಭಿಮಾನಿಗಳು ಈ ಬಿಡುವಿನಲ್ಲಿ ಎರಡು ಪಕ್ಷವಾಗಿದ್ದಾರೆ. ಹುಡುಗರಿಗೆ ಗ್ರಾಫಿಕ್ಸ್ ದೊಡ್ಡದಾಗಬೇಕು, ಹನುಮಂತ ಮೂರು ಗಂಟೆಯೂ ತೆರೆಯ ಮೇಲಿರಬೇಕು. ನಮ್ಮ ಓಣಿಯ ಕಾಕಾ ಒಬ್ಬರು ಕೇಳಿದ್ದು ಬೇರೆ: “ಆ ಮಾತಾಡೋ ಮಂಗ್ಯಾ ಇರ್ತದೇನು ಇದರಾಗೂ?” ಮೊದಲ ಚಿತ್ರದ ಕೋಟಿ ಎಂಬ ಕೋತಿ, ತೆಲುಗಿನಲ್ಲಿ ರವಿತೇಜ ದನಿ ಕೊಟ್ಟದ್ದು. ಕಾಕಾನಿಗೆ ನಾಯಕ, ಖಳನಾಯಕ, ಮಣಿ ಯಾವುದೂ ನೆನಪಿಲ್ಲ.

ನಾನು ಕಾಕಾನ ಪಕ್ಷ. ಪೋಸ್ಟರಿನ ಭಕ್ತಿ ಚೆನ್ನಾಗಿದೆ, ಆದರೆ ನನಗೆ ಭಯ ಹುಟ್ಟಿಸಿದ್ದೂ ಅದೇ. ಮೊದಲ ಚಿತ್ರ ಗೆದ್ದದ್ದು ಎರಡು ಗಂಟೆ ನಗಿಸಿ, ಆಮೇಲೆ ಕೈ ಮುಗಿಸಿದ್ದರಿಂದ. ಮೊದಲಿನಿಂದಲೇ ಕೈ ಮುಗಿಸಹೊರಟರೆ ಜನ ಗುಡಿಗೇ ಹೋಗುತ್ತಾರೆ, ಅಲ್ಲಿ ಟಿಕೆಟ್ ಇಲ್ಲ. ರಿಷಬ್‌ಗೆ ನಗಿಸುವುದೂ ಗೊತ್ತು. ‘ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ನಿರ್ದೇಶಿಸಿದವರು ಅವರೇ.

ಆದ್ದರಿಂದ ನಿರ್ದೇಶಕ ಪ್ರಶಾಂತ್ ವರ್ಮ ಅವರಿಗೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕಿನ ಪರವಾಗಿ ನನ್ನದೊಂದು ಅರ್ಜಿ. ಗುಡ್ಡ ಎಷ್ಟು ದೊಡ್ಡದಿದ್ದರೂ ಎತ್ತಿಸಿರಿ, ಬೇಡವೆನ್ನುವುದಿಲ್ಲ. ಹನುಮಪ್ಪನ ಮಂಗಚೇಷ್ಟೆಗೆ ಮಾತ್ರ ಕತ್ತರಿ ಹಾಕಬೇಡಿ.