ಕಂದು ಹಾಕಿದ ಹಸು

ಮನುಷ್ಯರ ವೈದ್ಯನಿಗೆ ರೋಗಿಯು ತನ್ನ ನೋವನ್ನು ಹೇಳಿಕೊಳ್ಳುತ್ತಾನೆ. ಕೆಲವು ವೇಳೆ ಇಲ್ಲದ ನೋವನ್ನೂ ಹೇಳುತ್ತಾನೆ. ಪಶುವೈದ್ಯನಿಗೆ ಆ ಅನುಕೂಲವಿಲ್ಲ. ಮೂಕಪ್ರಾಣಿಯ ಕಣ್ಣು, ಕಿವಿ, ಮೆಲುಕು, ಸಗಣಿ ಇವುಗಳೇ ಅವನೊಡನೆ ಮಾತನಾಡಬೇಕು. ಆದರೂ ಲೋಕವು ಅವನನ್ನು ದನದ ಡಾಕ್ಟರೆಂದು ಕರೆದು ವೈದ್ಯರ ಪಂಕ್ತಿಯಲ್ಲಿ ಕೊನೆಯ ಎಲೆಯನ್ನು ಹಾಕುತ್ತದೆ. ಅವನ ಕೆಲಸವು ಕೊಟ್ಟಿಗೆಯಲ್ಲಿಯೇ ಮುಗಿಯುವುದೆಂದು ನಂಬಿದವರು ಮಾಲ್ಟಾ ದ್ವೀಪದ ಆಡುಗಳ ವೃತ್ತಾಂತವನ್ನು ಕೇಳಬೇಕು.

ಆ ಸಣ್ಣ ದ್ವೀಪದಲ್ಲಿ ಬ್ರಿಟಿಷ್ ದಂಡಿನ ಸಿಪಾಯಿಗಳನ್ನು ಒಂದು ಜ್ವರವು ಬಹುಕಾಲ ಪೀಡಿಸಿತು. ಏರುವುದು, ಇಳಿಯುವುದು, ಹೋಯಿತೆನ್ನುವಾಗ ಮರಳಿ ಬರುವುದು. ಬೆವರು, ಕೀಲುನೋವು, ತಿಂಗಳುಗಟ್ಟಲೆ ಹಾಸಿಗೆ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ದಂಡಿನ ವೈದ್ಯನು ಅದರ ಕ್ರಿಮಿಯನ್ನು ಕಂಡುಹಿಡಿದನು. ಅದು ಎಲ್ಲಿಂದ ಬರುವುದೆಂಬುದು ಮಾತ್ರ ಮತ್ತೆ ಹದಿನೆಂಟು ವರ್ಷ ತಿಳಿಯಲಿಲ್ಲ. ಸೊಳ್ಳೆ, ಧೂಳು, ಚರಂಡಿ ಎಲ್ಲವನ್ನೂ ಶೋಧಿಸಿದರು. ಆಡುಗಳೋ, ದಿನವೂ ಬೀದಿಯಲ್ಲಿ ಬಂದು, ಮನೆಬಾಗಿಲಲ್ಲಿ ನಿಂತು, ಹಾಲು ಕರೆಸಿಕೊಂಡು ಹೋಗುತ್ತಿದ್ದವು. ಕಣ್ಣೆದುರಿಗೆ ಕರೆದ ಹಾಲನ್ನು ಯಾರು ಶಂಕಿಸುವರು? 1905ರಲ್ಲಿ ಆ ದ್ವೀಪದವನೇ ಆದ ಥೆಮಿಸ್ಟೋಕ್ಲಿಸ್ ಜಾಮಿಟ್ ಎಂಬ ವೈದ್ಯನು ಆಡುಗಳ ರಕ್ತವನ್ನು ಪರೀಕ್ಷಿಸಿದಾಗ, ಮೈತುಂಬಿ ಕಾಣುವ ಆಡುಗಳಲ್ಲಿಯೇ ರೋಗವು ಅಡಗಿತ್ತು. ಮರುವರ್ಷ ದಂಡಿಗೆ ಆಡಿನ ಹಾಲನ್ನು ನಿಲ್ಲಿಸಿದರು. ಸಿಪಾಯಿಗಳ ಜ್ವರವು ಇಳಿಯಿತು. ಊರಿನವರು ಕುಡಿಯುತ್ತಲೇ ಇದ್ದರು, ಮಲಗುತ್ತಲೇ ಇದ್ದರು.

ಇತ್ತ ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್ 1897ರಲ್ಲಿ ಹಸುಗಳ ಗರ್ಭಪಾತಕ್ಕೆ ಕಾರಣವಾದ ಕ್ರಿಮಿಯನ್ನು ಕಂಡಿದ್ದನು. ಇವೆರಡೂ ಒಂದೇ ಕುಲದವೆಂದು 1918ರಲ್ಲಿ ಅಮೆರಿಕದ ಆಲಿಸ್ ಇವಾನ್ಸ್ ಹೇಳಿದಾಗ ಪಂಡಿತರು ನಂಬಲಿಲ್ಲ. ಹೇಳಿದವಳು ಹೆಂಗಸೆಂಬುದೂ ಅದಕ್ಕೆ ಒಂದು ಕಾರಣವಾಗಿತ್ತು.

ಕನ್ನಡನಾಡಿನಲ್ಲಿ ಈ ವ್ಯಾಧಿಗೆ ಕಂದುರೋಗವೆಂದು ಹೆಸರು. ಗಬ್ಬವು ಐದಾರು ತಿಂಗಳು ಕಳೆದ ಮೇಲೆ ಹಸುವು ಕಂದು ಹಾಕುತ್ತದೆ; ಎಷ್ಟೋ ವೇಳೆ ಮಾಸು ಬೀಳುವುದಿಲ್ಲ. ಯಜಮಾನನು ದೃಷ್ಟಿದೋಷವೆನ್ನುತ್ತಾನೆ. ಹಾಲನ್ನು ಕಾಯಿಸುವ ಪದ್ಧತಿಯು ಅನೇಕ ಮನೆಗಳನ್ನು ಕಾಪಾಡಿದೆ. ಈ ಒಂದು ವಿಷಯದಲ್ಲಿ ಕಾಫಿಯೂ ಉಪಕಾರಿಯೇ. ಆದರೆ ಬೆಚ್ಚನೆಯ ನೊರೆಹಾಲು ಬಲವೆಂದು ಮೊಮ್ಮಗನಿಗೆ ಕುಡಿಸುವ ಅಜ್ಜಿಯರು ಇಲ್ಲದಿಲ್ಲ. ಬರಿಗೈಯಿಂದ ಮಾಸನ್ನೆತ್ತಿ, ಹುಲ್ಲಿನಲ್ಲಿ ಸುತ್ತಿ, ಆಲದ ಮರಕ್ಕೆ ಕಟ್ಟಿ ಬರುವವನನ್ನು ಕಾಯಿಸಿದ ಹಾಲು ಹೇಗೆ ರಕ್ಷಿಸೀತು? ಕೈಯ ಗೀರುಗಾಯವೇ ಕ್ರಿಮಿಗೆ ಬಾಗಿಲು.

ಪಶುವೈದ್ಯನು ಬಂದು ರಕ್ತವನ್ನು ಪರೀಕ್ಷೆಗೆ ಕಳುಹಿಸುತ್ತಾನೆ. ಕಂದನ್ನು ಸುಣ್ಣ ಹಾಕಿ ಆಳವಾಗಿ ಹೂಳಿಸುತ್ತಾನೆ. ಹಸುವನ್ನು ಬೇರೆ ಕಟ್ಟಿರೆನ್ನುತ್ತಾನೆ. ಕಷ್ಟವಿರುವುದು ಆಮೇಲೆ. ರೋಗ ತಗಲಿದ ಹಸುವಿಗೆ ನೆಚ್ಚಬಹುದಾದ ಚಿಕಿತ್ಸೆಯಿಲ್ಲ. ಕೊಲ್ಲಲು ಮನಸ್ಸು ಬಾರದು, ಸುಮ್ಮನೆ ಸಾಕಲು ಶಕ್ತಿ ಸಾಲದು. ಕೊಂಬಿಗೆ ಎಣ್ಣೆ ಸವರಿ, ಮುಂದಿನ ಜಾತ್ರೆಗೆ ಹೊಡೆದುಕೊಂಡು ಹೋಗುವುದೊಂದೇ ದಾರಿಯಾಗಿ ತೋರುತ್ತದೆ. ಕೊಂಡವನ ಮನೆಯಲ್ಲಿಯೂ ಮಕ್ಕಳಿದ್ದಾರೆ. ಹಸುವಿಗಾದರೂ ಸುಖವೇ? ಒಂದು ಗೂಟದಿಂದ ಇನ್ನೊಂದು ಗೂಟಕ್ಕೆ, ಹೋದಲ್ಲೆಲ್ಲ ಬೈಗಳು. ಮಾರಬೇಡವೆಂದು ಬಡವನಿಗೆ ಹೇಳುವ ವೈದ್ಯನು ಅದರ ಬೆಲೆಯನ್ನು ತನ್ನ ಜೇಬಿನಿಂದ ಕೊಡಲಾರನು. ಪರಿಹಾರವನ್ನು ಕೊಡದೆ ಬುದ್ಧಿವಾದವನ್ನಷ್ಟೇ ಹೇಳುವುದು ಅರ್ಧ ವೈದ್ಯ.

4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಲಸಿಕೆ ಹಾಕಿದರೆ ರೋಗವು ಬಹುಮಟ್ಟಿಗೆ ತಪ್ಪುತ್ತದೆ. ಆ ಲಸಿಕೆಯಲ್ಲಿರುವುದು ಶಕ್ತಿ ಕುಂದಿದ, ಆದರೆ ಜೀವವುಳ್ಳ ಕ್ರಿಮಿ. ಕರುವು ಒದೆದು, ಸೂಜಿ ಜಾರಿ, ಹಾಕುವವನ ಬೆರಳಿಗೇ ಚುಚ್ಚಿತೆಂದರೆ ಆ ಏರಿಳಿಯುವ ಜ್ವರವು ಅವನಿಗೂ ಬರಬಹುದು. ಅದನ್ನು ಚೆನ್ನಾಗಿ ಬಲ್ಲವನೇ ಅವನು. ಸೂಜಿಯನ್ನು ಬದಲಾಯಿಸಿ, ಮುಂದಿನ ಕರುವನ್ನು ಗಟ್ಟಿಯಾಗಿ ಹಿಡಿಯಿರೆನ್ನುತ್ತಾನೆ.