ಮೊಗದಿಶುವಿನಲ್ಲಿ ಹಾಕಿದ ಬೆಂಕಿ

ಕತ್ತಲಲ್ಲಿ ಬೆಂಕಿ ಹಾಕಿದರೆ ಯಾರೇ ಇರಲಿ, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. 1977ರ ಅಕ್ಟೋಬರ್‌ನಲ್ಲಿ ಜರ್ಮನ್ ಪೊಲೀಸರು ನಂಬಿದ್ದೂ ಅದನ್ನೇ. ಆಗ ನಾವು ಹುಡುಗರು, ದೊಡ್ಡವರ ಬೆನ್ನ ಹಿಂದೆ ನಿಂತು ರೇಡಿಯೋ ಕೇಳುತ್ತಿದ್ದವರು.

ಮಲ್ಲೋರ್ಕಾ ದ್ವೀಪದಿಂದ ಹೊರಟ ಲುಫ್ತಾನ್ಸಾ ವಿಮಾನ, 86 ಪ್ರಯಾಣಿಕರು, ನಾಲ್ವರು ಅಪಹರಣಕಾರರು. ಜರ್ಮನಿಯ ಜೈಲಲ್ಲಿರುವ ನಮ್ಮ ಸಂಗಾತಿಗಳನ್ನು ಬಿಡಿ ಎಂಬ ಹಟ. ಆಗಷ್ಟೇ, ಬೊಂಬಾಯಿಯಿಂದ ಹಾರಿದ ಜಪಾನಿನ ವಿಮಾನವನ್ನು ಢಾಕಾಕ್ಕೆ ಒಯ್ದಿದ್ದವರು ಕೇಳಿದ್ದಕ್ಕೆಲ್ಲ ಜಪಾನ್ ಒಪ್ಪಿತ್ತು. ಇಲ್ಲೂ ಹಾಗೇ ಆದೀತೆಂದು ನಮ್ಮ ಹಿರಿಯರ ಲೆಕ್ಕಾಚಾರ.

ಜರ್ಮನರಿಗೆ ಮ್ಯೂನಿಕ್ ಮರೆತಿರಲಿಲ್ಲ. 1972ರ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿನ 11 ಮಂದಿ ಸತ್ತಾಗ ಅಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಬಂದೂಕು ಹಿಡಿದಿದ್ದವರು ಇದಕ್ಕೆ ತರಬೇತಿಯೇ ಇಲ್ಲದ ಮಾಮೂಲಿ ಪೊಲೀಸರು. ಆ ಅವಮಾನದಿಂದ ಹುಟ್ಟಿದ್ದು ಜಿಎಸ್‌ಜಿ 9. ಸೈನ್ಯವಲ್ಲ, ಗಡಿ ಪೊಲೀಸ್ ಪಡೆಯೊಳಗಿನ ಒಂದು ತುಕಡಿ. ನಾಯಕ ಉಲ್ರಿಕ್ ವೇಗೆನರ್. ಐದು ವರ್ಷ ಬರೀ ಅಭ್ಯಾಸ.

ವಿಮಾನ ರೋಮ್, ಲಾರ್ನಾಕಾ, ದುಬೈ ಎಂದು ಅಲೆದು ಏಡನ್‌ನಲ್ಲಿ ಮರಳಿನ ಮೇಲೆ ಇಳಿಯಿತು. ಚಕ್ರ ನೋಡಿ ಬರುತ್ತೇನೆಂದು ಕೆಳಗಿಳಿದ ಪೈಲಟ್ ಯೂರ್ಗನ್ ಶೂಮಾನ್ ತಡಮಾಡಿ ಬಂದ. ಬಂದ, ಅದನ್ನು ಗಮನಿಸಿ! ಪ್ರಯಾಣಿಕರ ಕಣ್ಣೆದುರೇ ಗುಂಡಿಟ್ಟು ಕೊಂದರು. ಪೊಲೀಸರ ಸಾಹಸವನ್ನು ಹೇಳುವವರು ಈ ಮನುಷ್ಯನನ್ನು ಒಂದೇ ಮಾತಿನಲ್ಲಿ ದಾಟಿಬಿಡುತ್ತಾರೆ, ನನಗದು ಸರಿಕಾಣುವುದಿಲ್ಲ. ಆಮೇಲೆ ಸಹಪೈಲಟ್ ಯೂರ್ಗನ್ ವಿಟೋರ್ ಒಬ್ಬನೇ ವಿಮಾನವನ್ನು ಸೊಮಾಲಿಯಾದ ಮೊಗದಿಶುವರೆಗೆ ಹಾರಿಸಿದ.

ಅಲ್ಲಿ ಪ್ರಯಾಣಿಕರ ಕೈಕಟ್ಟಿ, ಮೈಮೇಲೆ ಮದ್ಯ ಸುರಿದು, ಸ್ಫೋಟಕ ಜೋಡಿಸಿದ್ದರು. ನಿಮ್ಮ ಕೈದಿಗಳು ಹೊರಟಿದ್ದಾರೆ, ಬರುತ್ತಿದ್ದಾರೆ ಎಂದು ಸುಳ್ಳು ಹೇಳಿ ಜರ್ಮನರು ಹೊತ್ತು ತಳ್ಳಿದರು. 18ರ ನಡುರಾತ್ರಿ ಕಳೆದು ಎರಡು ಗಂಟೆಯಾಗಿತ್ತು. ಸೊಮಾಲಿ ಸೈನಿಕರು ವಿಮಾನದ ಮುಂದೆ, ಸ್ವಲ್ಪ ದೂರದಲ್ಲಿ ಬೆಂಕಿ ಹಚ್ಚಿದರು. ಅದೇನೆಂದು ನೋಡಲು ಅಪಹರಣಕಾರರು ಕಾಕ್‌ಪಿಟ್ಟಿಗೆ ನುಗ್ಗಿದರು. ಅಷ್ಟರಲ್ಲಿ ಹಿಂದಿನಿಂದ ಏಣಿ ಹಿಡಿದು ಬಂದ ಜಿಎಸ್‌ಜಿ 9ರವರು ಬಾಗಿಲು ತೆರೆದು ಒಳಗೆ! ತಲೆ ತಗ್ಗಿಸಿ ಎಂದು ಜರ್ಮನ್‌ನಲ್ಲಿ ಕೂಗಿದರು, ತಿಳಿಯಬೇಕಾದವರಿಗೆ ತಿಳಿಯಿತು. ಕೆಲವೇ ನಿಮಿಷ. ಮೂವರು ಅಪಹರಣಕಾರರು ಸತ್ತರು, ಒಬ್ಬಳು ಬದುಕಿದಳು. ಒತ್ತೆಯಾಳುಗಳಾಗಿದ್ದ 90 ಮಂದಿಯೂ ಜೀವಂತ ಹೊರಬಂದರು.

ಅತ್ತ ಜರ್ಮನಿಯಲ್ಲಿ ಆ ಕೈದಿಗಳ ಗುಂಪಿನವರು ಅಪಹರಿಸಿದ್ದ ಉದ್ಯಮಿ ಹಾನ್ಸ್ ಮಾರ್ಟಿನ್ ಶ್ಲೇಯರ್ ಉಳಿಯಲಿಲ್ಲ. ಮರುದಿನ ಕಾರಿನ ಡಿಕ್ಕಿಯಲ್ಲಿ ಹೆಣ ಸಿಕ್ಕಿತು. ಆ ಕೊಲೆಯಲ್ಲಿ ಶಿಕ್ಷೆಯಾದವನೊಬ್ಬನನ್ನು 2008ರಲ್ಲಿ ಬಿಡುಗಡೆ ಮಾಡಿದಾಗ, ವಿಟೋರ್ ತನಗೆ ಸರಕಾರ ಕೊಟ್ಟಿದ್ದ ಪದಕವನ್ನು ವಾಪಸ್ ಕಳಿಸಿದ.